ಉಳಿದವರೆಲ್ಲ ಯೋಗ್ಯರೇ?

ಪೇಟೆಯ ಸಣ್ಣ ಅಂಗಡಿಯೊಂದು ಬಾಗಿಲು ಹಾಕಿದಾಗ, ದುಡಿಯುವವನೊಬ್ಬ ಕೆಲಸ ಕಳೆದುಕೊಂಡಾಗ, ‘ಬಲ ಇದ್ದವರು ಉಳಿಯುತ್ತಾರೆ, ಇಲ್ಲದವರು ಅಳಿಯುತ್ತಾರೆ, ಪ್ರಕೃತಿ ನಿಯಮವೇ ಹಾಗೆ’ ಎನ್ನುವವರು ಇದ್ದೇ ಇರುತ್ತಾರೆ. ಆ ಮಾತಿನ ಬೆನ್ನಿಗೇ ಡಾರ್ವಿನ್ ಹೆಸರೂ ಬರುತ್ತದೆ. ನಿಸರ್ಗದ ಆಯ್ಕೆ ನಿಜಕ್ಕೂ ಏನು ಮಾಡುತ್ತದೆ ಎಂದು ನೋಡಿದವರು ಇಂಥ ಮಾತಾಡಲಾರರು ಎಂಬುದು ನನ್ನ ವಾದ.

ಅದನ್ನು ಕಣ್ಣಾರೆ ಕಂಡ ಜಾಗವೊಂದಿದೆ: ಗಲಾಪಗೋಸ್ ದ್ವೀಪಸಮೂಹದ ಡ್ಯಾಫ್ನಿ ಮೇಜರ್. ಪೀಟರ್ ಗ್ರಾಂಟ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿ 1973ರಿಂದ ದಶಕಗಳ ಕಾಲ ಈ ಪುಟ್ಟ ದ್ವೀಪದ ಫಿಂಚ್ ಹಕ್ಕಿಗಳ ಕಾಲಿಗೆ ಬಳೆ ತೊಡಿಸಿ, ಕೊಕ್ಕು ಅಳೆದು, ಯಾವುದು ಯಾವುದರ ಮರಿ ಎಂದು ಬರೆದಿಟ್ಟರು. 1977ರಲ್ಲಿ ಮಳೆ ಕೈಕೊಟ್ಟಿತು. ಮೆತ್ತನೆಯ ಸಣ್ಣ ಬೀಜಗಳು ಕೆಲವೇ ತಿಂಗಳಲ್ಲಿ ತೀರಿಹೋದವು. ಮಿಕ್ಕವುಗಳಲ್ಲಿ ಮುಖ್ಯವಾದದ್ದು ನೆಗ್ಗಿಲು ಜಾತಿಯ ಒಂದು ಬಳ್ಳಿಯ ಕಾಯಿ. ಹೊಲದ ಬದುವಿನಲ್ಲಿ ಬರಿಗಾಲಲ್ಲಿ ನಡೆದು ನೆಗ್ಗಿಲ ಮುಳ್ಳು ಚುಚ್ಚಿಸಿಕೊಂಡವರಿಗೆ ಅದೆಷ್ಟು ಗಟ್ಟಿ ಎಂದು ಹೇಳಬೇಕಿಲ್ಲ. ಡ್ಯಾಫ್ನಿಯಲ್ಲಿ ಬೆಳೆಯುವುದು ಅದರ ಹತ್ತಿರದ ಬಂಧು. ಒಳಗಿನ ಬೀಜ ಸಿಗಬೇಕಾದರೆ ಕಾಯಿಯನ್ನು ಕೊಕ್ಕಿನಲ್ಲಿ ಕಚ್ಚಿ, ತಿರುಚಿ, ಸೀಳಬೇಕು. ದಪ್ಪ ಕೊಕ್ಕಿನ ಹಕ್ಕಿಗೆ ಇದು ಸಾಧ್ಯವಾಯಿತು. ಕೊಕ್ಕು ಅರ್ಧ ಮಿಲಿಮೀಟರಿನಷ್ಟು ತೆಳುವಾಗಿದ್ದರೂ ಅದೊಂದು ಕೊರತೆಯಾಗಿಬಿಟ್ಟಿತು. ಮಧ್ಯಮ ಗಾತ್ರದ ನೆಲಫಿಂಚ್‌ಗಳಲ್ಲಿ ನೂರಕ್ಕೆ ಸುಮಾರು 85 ಸತ್ತುಹೋದವು. ಬರ ಕಳೆದ ಮೇಲೆ ಹುಟ್ಟಿದ ಪೀಳಿಗೆಯ ಸರಾಸರಿ ಕೊಕ್ಕು ಮೊದಲಿನದಕ್ಕಿಂತ ದಪ್ಪವಾಗಿತ್ತು.

ಹಸಿವಾಯಿತೆಂದು ಯಾವ ಹಕ್ಕಿಯೂ ಕೊಕ್ಕು ಬೆಳೆಸಿಕೊಳ್ಳಲಿಲ್ಲ. ಒಂದೇ ಗೂಡಿನ ಮರಿಗಳಲ್ಲೂ ಸಣ್ಣಪುಟ್ಟ ವ್ಯತ್ಯಾಸ ಮೊದಲೇ ಇತ್ತು, ಅದು ತಂದೆ ತಾಯಿಯಿಂದ ಮರಿಗೆ ದಾಟುವಂಥದ್ದಾಗಿತ್ತು, ಆ ವರ್ಷ ಅದು ಸಾವು ಬದುಕಿನ ಪ್ರಶ್ನೆಯಾಯಿತು. ನಿಸರ್ಗದ ಆಯ್ಕೆಗೆ ಇಷ್ಟೇ ಸಾಕು. ವ್ಯತ್ಯಾಸ ಹುಟ್ಟುವುದು ಆಕಸ್ಮಿಕ, ಅದರಲ್ಲಿ ಯಾವುದು ಉಳಿಯುತ್ತದೆ ಎಂಬುದು ಆಕಸ್ಮಿಕವಲ್ಲ. ಎರಡನ್ನೂ ಕಲಸಿ ‘ವಿಕಾಸವೆಂದರೆ ಬರೀ ಅದೃಷ್ಟ’ ಎನ್ನುವುದೂ ತಪ್ಪೇ.

ಕತೆ ಇಲ್ಲಿಗೇ ಮುಗಿದಿದ್ದರೆ ‘ಬಲವೇ ಗೆದ್ದಿತಲ್ಲ’ ಎನ್ನಬಹುದಿತ್ತು. ಆದರೆ 1983ರಲ್ಲಿ ಎಲ್ ನಿನ್ಯೋ ಬಂದು ಡ್ಯಾಫ್ನಿಯ ಮೇಲೆ ಹಿಂದೆಂದೂ ಕಾಣದಂಥ ಮಳೆ ಸುರಿಯಿತು. ದ್ವೀಪದ ತುಂಬ ಹುಲ್ಲು, ಬಳ್ಳಿ. ನೆಲದ ತುಂಬ ಸಣ್ಣ ಬೀಜ. ನೆಗ್ಗಿಲಿನ ಬಂಧು ಆ ಹಸಿರಿನಡಿ ಹೂತುಹೋಯಿತು. ಮುಂದೆ ಮತ್ತೆ ಬರ ಬಂದಾಗ ಉಳಿದವು ಸಣ್ಣ ಕೊಕ್ಕಿನ ಹಕ್ಕಿಗಳು. 1977ರಲ್ಲಿ ಜೀವ ಉಳಿಸಿದ ದಪ್ಪ ಕೊಕ್ಕು ಈಗ ಹೊರೆಯಾಯಿತು. ಹಾಗಾದರೆ ಯೋಗ್ಯ ಹಕ್ಕಿ ಯಾವುದು? ವರ್ಷ ಯಾವುದೆಂದು ಹೇಳದೆ ಈ ಪ್ರಶ್ನೆ ಕೇಳುವುದಕ್ಕೇ ಬರುವುದಿಲ್ಲ. ಯೋಗ್ಯತೆ ಎಂಬುದು ಒಂದು ದೇಹಕ್ಕೂ ಅದರ ಸುತ್ತಲಿನ ಪರಿಸ್ಥಿತಿಗೂ ನಡುವಿನ ಸಂಬಂಧ. ಅದನ್ನು ದೇಹದ ಹಿರಿಮೆ ಎಂದುಕೊಂಡಾಗಲೇ ಅನಾಹುತ ಶುರುವಾಗುವುದು. ಅಮೆರಿಕದ ಇಂಡಿಯಾನಾ ರಾಜ್ಯ 1907ರಲ್ಲಿ ‘ಅಯೋಗ್ಯ’ರಿಗೆ ಬಲವಂತವಾಗಿ ಸಂತಾನಹರಣ ಮಾಡಿಸುವ ಕಾನೂನು ತಂದಿತು, 1933ರಲ್ಲಿ ನಾಜಿ ಜರ್ಮನಿಯೂ ಅಂಥದ್ದನ್ನೇ ತಂದಿತು. ಅದನ್ನು ಬರೆದವರು ವಿಜ್ಞಾನದ ಹೆಸರು ಹೇಳಿದರು. ಆದರೆ ಮುಂದಿನ ಮಳೆಗಾಲಕ್ಕೆ ಯಾವ ಕೊಕ್ಕು ಬೇಕಾದೀತು ಎಂದು ಹೇಳಬಲ್ಲ ವಿಜ್ಞಾನ ಅವರ ಬಳಿ ಇರಲಿಲ್ಲ.

ಕಣ್ಣು, ಮೆದುಳು ಇವೆಲ್ಲ ಮೇಲ್ಮುಖ ಪ್ರಗತಿಯಲ್ಲವೇ ಎಂದು ಕೇಳಬಹುದು. ಕತ್ತಲ ಗುಹೆಯಲ್ಲಿ ತಲೆಮಾರುಗಟ್ಟಲೆ ಬಾಳಿದ ಮೀನುಗಳು ಕಣ್ಣನ್ನೇ ಕಳೆದುಕೊಂಡಿವೆ. ಅಲ್ಲಿ ಅದೂ ನಷ್ಟವಲ್ಲ.

ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು. ನಿಸರ್ಗದಲ್ಲಿ ದಯೆ ಇಲ್ಲ ಎಂಬುದಂತೂ ನಿಜವಲ್ಲವೇ? ಡಾರ್ವಿನ್‌ನ ಗೆಳೆಯ ಥಾಮಸ್ ಹಕ್ಸ್‌ಲಿ 1893ರ ಉಪನ್ಯಾಸವೊಂದರಲ್ಲಿ ಇದನ್ನು ಒಪ್ಪಿಕೊಂಡೇ, ಮನುಷ್ಯನ ನೀತಿ ನಿಸರ್ಗದ ದಾರಿಗೆ ಎದುರು ನಿಂತು ಹೋರಾಡಬೇಕು ಎಂದು ವಾದಿಸಿದ. ದೊಡ್ಡ ಮಾತು, ಆದರೂ ಹಕ್ಸ್‌ಲಿ ಎದುರಾಳಿಗೆ ಅಗತ್ಯಕ್ಕಿಂತ ಹೆಚ್ಚು ಬಿಟ್ಟುಕೊಟ್ಟ ಎನಿಸುತ್ತದೆ. ಗುಂಪಿನಲ್ಲಿ ಬಾಳುವ ಪ್ರಾಣಿಗಳಲ್ಲಿ ಪರಸ್ಪರ ಮರುಗುವ ಗುಣವೂ ಇದೇ ಆಯ್ಕೆಯಿಂದ ಬೆಳೆದಿರಬಹುದೆಂದು ಡಾರ್ವಿನ್ 1871ರ ‘ಡಿಸೆಂಟ್ ಆಫ್ ಮ್ಯಾನ್’ ಪುಸ್ತಕದಲ್ಲೇ ವಾದಿಸಿದ್ದ. ಹಾಗೆಂದು ಮರುಕ ಒಳ್ಳೆಯದೆಂದು ವಿಕಾಸವೇ ಸಾಬೀತು ಮಾಡಿತು ಎಂದೂ ನಾನು ಹೇಳಲಾರೆ. ಕ್ರೌರ್ಯವೂ ಅದೇ ದಾರಿಯಲ್ಲಿ ಬಂದಿರಬಹುದಲ್ಲ. ಒಂದು ಗುಣ ಎಲ್ಲಿಂದ ಬಂತು ಎಂಬುದು ಬೇರೆ, ಅದನ್ನು ಇಟ್ಟುಕೊಳ್ಳಬೇಕೇ ಎಂಬುದು ಬೇರೆ.

ಅದೇ ಪುಸ್ತಕದಲ್ಲಿ ಡಾರ್ವಿನ್ ಈ ಎರಡನೆಯ ಪ್ರಶ್ನೆಯನ್ನೂ ಎದುರಿಸಿದ. ಸಿಡುಬಿನ ಲಸಿಕೆಯಿಂದ, ಬಡವರಿಗೆ ಸಿಗುವ ನೆರವಿನಿಂದ ದುರ್ಬಲರೂ ಬದುಕಿ ಮಕ್ಕಳನ್ನು ಪಡೆಯುತ್ತಾರೆ, ಇದರಿಂದ ಮನುಷ್ಯಕುಲಕ್ಕೆ ಕೇಡಾಗಬಹುದು ಎಂಬ ಭಯ ಅವನಿಗೂ ಇತ್ತು. ತನ್ನ ಕಾಲದ ಆ ಭಯವನ್ನು ಅವನು ಮುಚ್ಚಿಡಲಿಲ್ಲ. ಅಷ್ಟಾದರೂ ಆ ನೆರವನ್ನು ನಿಲ್ಲಿಸಬಾರದೆಂದೇ ಬರೆದ: ಬೇಕೆಂದೇ ಅವರನ್ನು ಕೈಬಿಟ್ಟರೆ ನಮ್ಮ ಸ್ವಭಾವದ ಅತ್ಯಂತ ಶ್ರೇಷ್ಠ ಭಾಗವೇ ಕೆಟ್ಟುಹೋಗುತ್ತದೆ ಎಂಬುದು ಅವನು ಕೊಟ್ಟ ಕಾರಣ. ಆ ಕಾರಣಕ್ಕಾಗಿ ಅವನು ಯಾವ ಹಕ್ಕಿಯ ಕೊಕ್ಕನ್ನೂ ಸಾಕ್ಷಿಗೆ ಕರೆಯಲಿಲ್ಲ.