ಪ್ರಾತಃಕಾಲದ ಕಷಾಯವೂ ಲಿಂಗಾರ್ಪಿತವೂ

ಇಷ್ಟಲಿಂಗಪೂಜೆಗೆ ಮುನ್ನ ಕಷಾಯವನ್ನು ಸೇವಿಸಬಹುದೇ ಎಂದು ಜರಗನಹಳ್ಳಿಯ ಸದ್ಭಕ್ತರೊಬ್ಬರು ನಮ್ಮನ್ನು ಕೇಳಿದರು. ಕನಕಪುರ ರಸ್ತೆಯ ಆ ಹಳ್ಳಿಯನ್ನು ಬೆಂಗಳೂರು ನಗರವು ಎಂದೋ ತನ್ನೊಳಗೆ ಮಾಡಿಕೊಂಡಿತು. 2017ರಲ್ಲಿ ಸಮೀಪದ ಯಲಚೇನಹಳ್ಳಿಯವರೆಗೆ ಮೆಟ್ರೋ ರೈಲು ಬಂದಿತು. ಈ ಗೃಹಸ್ಥರು ಏಳು ಗಂಟೆಗೆಲ್ಲ ಅದನ್ನು ಹಿಡಿಯಬೇಕು. 2020ರ ಸಾಂಕ್ರಾಮಿಕದ ಕಾಲದಲ್ಲಿ ಕಾಫಿಯನ್ನು ಬಿಟ್ಟು ಕಷಾಯವನ್ನು ಹಿಡಿದವರು, ಇಂದಿಗೂ ಬಿಟ್ಟಿಲ್ಲ. "ಕಾಲುಗಂಟೆ ಮೌನವಾಗಿ ಕುಳಿತು ಕುಡಿದರೆ ಮನಸ್ಸು ತಿಳಿಯಾಗುತ್ತದೆ. ಪೂಜೆಯಿಂದ ಬರಬೇಕಾದ ಶಾಂತಿ ಇದರಿಂದಲೇ ಬರುವಾಗ, ಪೂಜೆಯನ್ನು ಸಂಜೆಗೆ ಇಟ್ಟುಕೊಂಡರೆ ದೋಷವೇನು?" ಎಂಬುದು ಅವರ ಮಾತು.

ಕಷಾಯದಲ್ಲಿ ದೋಷವಿಲ್ಲ. ಹುರಿದ ಕೊತ್ತಂಬರಿಬೀಜ, ಜೀರಿಗೆ, ನಾಲ್ಕು ಮೆಣಸು, ಒಣಶುಂಠಿ, ಚೂರು ಬೆಲ್ಲ. ಕಾಫಿಯ ಕೆರಳಿಕೆ ಇದರಲ್ಲಿಲ್ಲ. (ಹದಿನಾರು ಪಾಲು ನೀರನ್ನು ಎರಡು ಪಾಲಿಗೆ ಇಳಿಸುವ ವೈದ್ಯಗ್ರಂಥದ ಕಷಾಯವೇ ಬೇರೆ, ಅದನ್ನು ಯಾರೂ ಸಂತೋಷಕ್ಕಾಗಿ ಕುಡಿಯರು.) ಶರಣರು ದೇಹವನ್ನು ಹಳಿದು ಒಣಗಿಸಿದವರಲ್ಲ. ವೈದ್ಯ ಸಂಗಣ್ಣನಿಗೆ ವೈದ್ಯವೇ ಕಾಯಕ. ರೋಗವೂ ಔಷಧವೂ ಆತನ ವಚನಗಳಲ್ಲಿ ಅನುಭಾವದ ಭಾಷೆಯಾಗಿವೆ.

ಆದರೆ ಅರ್ಪಿಸದೆ ಕೊಳ್ಳಬಾರದೆಂಬ ನೇಮವೊಂದಿದೆ. ಪದಾರ್ಥವು ಲಿಂಗಕ್ಕೆ ಸಂದು ಪ್ರಸಾದವಾಗಬೇಕು. ಇದು ಬಟ್ಟಲನ್ನು ಲಿಂಗದ ಮುಂದೆ ಹಿಡಿದು ತೆಗೆಯುವಷ್ಟರ ಕ್ರಿಯೆಯಲ್ಲ. ಕಷಾಯದ ಗಂಧವು ಮೂಗಿನಲ್ಲಿ ಆಚಾರಲಿಂಗಕ್ಕೆ, ರುಚಿಯು ನಾಲಗೆಯಲ್ಲಿ ಗುರುಲಿಂಗಕ್ಕೆ, ಬಣ್ಣವು ಕಣ್ಣಿನಲ್ಲಿ ಶಿವಲಿಂಗಕ್ಕೆ, ಬಿಸಿಯ ಸ್ಪರ್ಶವು ಜಂಗಮಲಿಂಗಕ್ಕೆ, ಕುದಿಯುವ ಸದ್ದು ಕಿವಿಯಲ್ಲಿ ಪ್ರಸಾದಲಿಂಗಕ್ಕೆ ಸಲ್ಲುತ್ತವೆ. ಕುಡಿದಾದ ಮೇಲಿನ ತೃಪ್ತಿಯು ಹೃದಯದ ಮಹಾಲಿಂಗಕ್ಕೆ. ನಮ್ಮ ಭಕ್ತರು ಆ ಆರನೆಯದನ್ನು ಮಾತ್ರ ತಮಗೆಂದು ಉಳಿಸಿಕೊಂಡಿದ್ದಾರೆ. ತನ್ನದೆಂದು ಇಟ್ಟುಕೊಂಡ ಶಾಂತಿಯು ರೈಲು ತಪ್ಪಿದೊಡನೆ ಹೋಗುತ್ತದೆ. ಇದನ್ನು ಅವರೇ ನಗುತ್ತ ಒಪ್ಪಿಕೊಂಡರು.

ವೃದ್ಧರು, ರೋಗಿಗಳು ವೈದ್ಯರು ಹೇಳಿದ ಹೊತ್ತಿಗೆ ಔಷಧವನ್ನು ಕೊಳ್ಳಲಿ. ಲಿಂಗವನ್ನು ನೆನೆದು ಕೊಂಡರೆ ಸಾಕು. ಇವರು ರೋಗಿಗಳಲ್ಲ. ಕಾಲುಗಂಟೆ ಇವರಲ್ಲಿ ಇದ್ದೇ ಇದೆ. ಅದರಲ್ಲಿ ಮೊದಲು ಕರಸ್ಥಲದ ಲಿಂಗಕ್ಕೆ ವಿಭೂತಿ, ಪತ್ರೆ, ಮಂತ್ರ, ಬಳಿಕ ಕಷಾಯ. ಹ್ರಸ್ವವಾದ ಪೂಜೆಯಾದರೂ ಬೆಳಗಿನದು ಬೆಳಗಿಗೇ ಆಗಲಿ ಎಂದೆವು.

ಇಷ್ಟಕ್ಕೆ ಮುಗಿಯಬೇಕಾಗಿದ್ದ ಮಾತು ಮುಗಿಯಲಿಲ್ಲ. ಕಷಾಯವನ್ನು ಕಾಸುವವರು ಯಾರೆಂದು ಕೇಳಿದೆವು. ಮನೆಯಾಕೆ ಐದಕ್ಕೆ ಎದ್ದು, ಕುಟ್ಟಿ, ಕುದಿಸಿ, ಸೋಸಿ, ಮಕ್ಕಳ ಬುತ್ತಿಯನ್ನೂ ಕಟ್ಟುತ್ತಾರಂತೆ. ಆಕೆಯ ಕೊರಳಲ್ಲಿಯೂ ಇಷ್ಟಲಿಂಗವಿದೆ. ಆಕೆಯ ಪೂಜೆ ಎಷ್ಟು ಹೊತ್ತಿಗೆ? ಭಕ್ತರಿಗೆ ತಿಳಿದಿರಲಿಲ್ಲ. ಹೆಣ್ಣಿಗೂ ಗಂಡಿಗೂ ಒಂದೇ ದೀಕ್ಷೆಯೆಂದು ಸಭೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುವ ನಾವು ಅಡುಗೆಮನೆಯಲ್ಲಿ ಆ ಮಾತನ್ನು ಮರೆಯುತ್ತೇವೆ. ಒಬ್ಬರ ನೆಮ್ಮದಿಗಾಗಿ ಇನ್ನೊಬ್ಬರ ಲಿಂಗದ ವೇಳೆಯನ್ನು ತೆಗೆದುಕೊಂಡು ಕಾಸಿದ ಕಷಾಯವು, ಪೂಜೆಯಾದ ಮೇಲೆ ಕುಡಿದರೂ, ಅರ್ಪಿತವಾಗುವುದು ಹೇಗೆ? ಹೊತ್ತಿನ ಪ್ರಶ್ನೆಗಿಂತ ಇದು ನಮಗೆ ಕಠಿಣವಾಗಿ ತೋರಿತು.

ಭಕ್ತರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, ಎರಡು ಲೋಟ ಕಷಾಯಕ್ಕೆ ಜೀರಿಗೆ ಎಷ್ಟು ಬೇಕೆಂದು ನಮ್ಮನ್ನೇ ಕೇಳಿದರು. ಮನೆಯಲ್ಲಿ ಕೇಳಿಕೊಳ್ಳಿರೆಂದು ಕಳುಹಿಸಿಕೊಟ್ಟೆವು.