ಓಗೊಡುವ ಬೀಗದ ಕೈ

ಮನೆಯಲ್ಲಿ ವಸ್ತುವೊಂದು ಕಾಣೆಯಾದರೆ ಮೊದಲು ಹುಡುಕಾಟ ನಡೆಯುತ್ತದೆ; ಹುಡುಕಾಟ ಸೋತ ಮೇಲೆ ವಿಚಾರಣೆ ಆರಂಭವಾಗುತ್ತದೆ. “ಇಲ್ಲೇ ಇಟ್ಟಿದ್ದೆ, ಯಾರು ತೆಗೆದರು?” ಎಂಬ ಮಾತಿನಲ್ಲಿ ಮೊದಲರ್ಧ ನೆನಪಿಗೆ ಸೇರಿದ್ದು, ಉಳಿದರ್ಧ ನೀತಿಗೆ ಸೇರಿದ್ದು. ಕನ್ನಡಕ ಕಳೆದರೆ ಮಕ್ಕಳ ಮೇಲೆ ಗದರಿಕೆ. ಉಂಗುರ ಕಳೆದರೆ ಪಾತ್ರೆ ತೊಳೆಯಲು ಬರುವವಳ ಮೇಲೆ ಕಣ್ಣು. ಆಕೆಯನ್ನು ನಾವು ಏನೂ ಕೇಳುವುದಿಲ್ಲ, ಸಭ್ಯರಲ್ಲವೆ! ಆದರೆ ಮರುದಿನ ಆಕೆ ಬಂದಾಗ ಬೀರುವಿನ ಬಾಗಿಲು ಮುಚ್ಚಿಕೊಳ್ಳುತ್ತದೆ. ಆ ಸದ್ದು ಆಕೆಗೆ ಕೇಳಿಸದೆ ಇದ್ದೀತೆ?

ನರಸಾಪುರದ ತರುಣನೊಬ್ಬ, ಡಿಪ್ಲೊಮಾ ಓದಿದವನು, ಇದಕ್ಕೆಂದೇ ಮನೆಯಲ್ಲಿ ಒಂದು ಯಂತ್ರ ಮಾಡಿಟ್ಟಿದ್ದಾನೆ. ಬಿಡಿಭಾಗಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದನಂತೆ. ಗೋಡೆಯ ಮೇಲೆ ಗುಂಡಿಗಳಿರುವ ಒಂದು ಪೆಟ್ಟಿಗೆ. ಗುಂಡಿ ಒತ್ತಿದರೆ 433 ಮೆಗಾಹರ್ಟ್ಸ್‌ನ ರೇಡಿಯೊ ಅಲೆ ಹೊರಡುತ್ತದೆ. ಬೀಗದ ಕೈ ಗೊಂಚಲಿಗೋ ತಾತನ ಕನ್ನಡಕದ ಡಬ್ಬಿಗೋ ಅಂಟಿಸಿದ ಪುಟ್ಟ ಗ್ರಾಹಕ ತನ್ನ ಸಂಕೇತವನ್ನು ಗುರುತಿಸಿ ಕಿರ್ರೆನ್ನುತ್ತದೆ. ಅದಕ್ಕೆ ಸುಮಾರು 17 ಸೆಂಟಿಮೀಟರ್ ತಂತಿಯ ಬಾಲ. ಆ ಅಲೆಯ ಉದ್ದದ ಕಾಲುಭಾಗ ಅಷ್ಟು. ಕರೆ ಯಾವಾಗ ಬಂದೀತೋ ತಿಳಿಯದ ಕಾರಣ ಅದು ಸದಾ ಕಿವಿ ತೆರೆದಿರಬೇಕು. ಹೀಗಾಗಿ ಬ್ಯಾಟರಿ ಬೇಗ ತೀರುತ್ತದೆ. ತೀರಿದ್ದು ಗೊತ್ತಾಗುವುದು ವಸ್ತು ಕಳೆದ ದಿನವೇ! ಮೊದಲು ಆ ಮನೆಯ ಹಿರಿಯರು ಕಾರ್ತವೀರ್ಯಾರ್ಜುನನನ್ನು ನೆನೆಯುತ್ತಿದ್ದರು. ಬ್ಯಾಟರಿ ಮುಗಿದ ದಿನ ಈಗಲೂ ಅವನೇ ಗತಿ.

ಇದರ ಲಾಭ ಸಮಯದ ಉಳಿತಾಯ ಎನ್ನುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಶಾಕುಂತಲದ ಆರನೆಯ ಅಂಕದ ಆರಂಭವನ್ನು ನೆನೆಯಿರಿ. ಮೀನಿನ ಹೊಟ್ಟೆಯಲ್ಲಿ ಉಂಗುರ ಕಂಡ ಬೆಸ್ತ ಅದನ್ನು ಮಾರಲು ಹೊರಟು ಕಾವಲುಗಾರರ ಕೈಗೆ ಸಿಕ್ಕುತ್ತಾನೆ. ಕೈ ಕಟ್ಟಿಸಿಕೊಂಡು ಹೊಡೆತ ತಿನ್ನುತ್ತಾನೆ. ಉಂಗುರ ಅರಮನೆ ಸೇರಿತು, ಬಹುಮಾನವೂ ಬಂತು. ತಿಂದ ಪೆಟ್ಟಿಗೆ ಯಾರೂ ಕ್ಷಮೆ ಕೇಳಿದ್ದನ್ನು ಕಾಣೆ. ವಸ್ತು ಬೇಗ ಸಿಕ್ಕರೆ ಇಂಥ ಪೆಟ್ಟು ತಪ್ಪುತ್ತದೆ. ಅನುಮಾನ ಹುಟ್ಟುವ ಮೊದಲೇ ಉತ್ತರ ಬಂದುಬಿಡುತ್ತದೆ.

ಆದರೆ ಒಂದು ತೊಡಕುಂಟು. ಯಂತ್ರ ಹೇಳುವುದು “ಎಲ್ಲಿ” ಎಂಬುದನ್ನು; ನಾವು ಕೇಳಿಸಿಕೊಳ್ಳುವುದು “ಯಾರು” ಎಂದು. ಬೀಗದ ಕೈ ಕೆಲಸದಾಕೆಯ ಚೀಲದೊಳಗಿಂದ ಓಗೊಟ್ಟಿತೆನ್ನಿ. ಮಗು ಆಡುತ್ತಾ ಹಾಕಿತೋ, ಮಂಚದಿಂದ ಜಾರಿ ಬಿತ್ತೋ, ಯಂತ್ರಕ್ಕೆ ತಿಳಿಯದು. ಬೆಸ್ತನ ಪ್ರಕರಣದಲ್ಲೂ ಉಂಗುರ ಅವನ ಕೈಯಲ್ಲೇ ಇತ್ತಲ್ಲ!

ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿಯೇ ಐಫೋನು ತಯಾರಾಗುತ್ತದೆ. ವಿಸ್ಟ್ರಾನ್ ನಡೆಸುತ್ತಿದ್ದ ಆ ಕಾರ್ಖಾನೆಯನ್ನು 2023ರಲ್ಲಿ ಟಾಟಾ ಕೊಂಡಿತು. ಆ ಫೋನಿನ ಒಡೆಯರಾದ ಆಪಲ್ ಸಂಸ್ಥೆಯವರು 2021ರಲ್ಲಿ ಏರ್‌ಟ್ಯಾಗ್ ಎಂಬ ಬಿಲ್ಲೆಯನ್ನು ಹೊರತಂದರು. ತರುಣನ ಗ್ರಾಹಕ ಮನೆಯ ಸುತ್ತಿನಲ್ಲಿ ಮಾತ್ರ ಓಗೊಡುತ್ತದೆ. ಬಿಲ್ಲೆಯಾದರೋ ದಾರಿಹೋಕರ ಫೋನುಗಳ ನೆರವಿನಿಂದ ಪರಊರಿನಿಂದಲೂ ತನ್ನ ಠಾವನ್ನು ತಿಳಿಸುತ್ತದೆ. ಕಳೆದುದನ್ನು ಹುಡುಕಲೆಂದು ಬಂದ ಈ ಬಿಲ್ಲೆಯನ್ನು ಕೆಲವರು ಇನ್ನೊಬ್ಬರ ಚೀಲದಲ್ಲಿ ಗುಟ್ಟಾಗಿ ಇಟ್ಟರು, ಹೆಂಗಸರ ಬೆನ್ನುಹತ್ತಲು ಬಳಸಿದರು. ಕೊನೆಗೆ 2024ರ ಮೇ ತಿಂಗಳಲ್ಲಿ ಆಪಲ್ ಮತ್ತು ಗೂಗಲ್ ಒಟ್ಟುಗೂಡಿ, ಅಪರಿಚಿತ ಬಿಲ್ಲೆ ಜೊತೆಯಲ್ಲಿ ಸಾಗುತ್ತಿದ್ದರೆ ಫೋನು ಎಚ್ಚರಿಸುವಂತೆ ಏರ್ಪಾಡು ಮಾಡಿದವು. ಬೀಗದ ಕೈಗೆ ಗುಟ್ಟಿಲ್ಲ, ಮಾನವಿಲ್ಲ. ಮನುಷ್ಯನಿಗೆ ಎರಡೂ ಉಂಟು.

ಹಾಗೆಂದು ಮರೆವು ಹಿಡಿದ ವೃದ್ಧರು ದಾರಿ ತಪ್ಪಲಿ ಎಂದು ಸುಮ್ಮನಿರಲಾದೀತೆ? ತರುಣನ ತಾಯಿ ಇದನ್ನೇ ಕೇಳಿದರು: “ನಿಮ್ಮ ತಾತನ ಜೇಬಿಗೂ ಅಂಥದೊಂದು ಬಿಲ್ಲೆ ಹಾಕಿಬಿಡೋ.” ಹುಡುಗ ಒಪ್ಪಲಿಲ್ಲ, ಮೊದಲು ತಾತನನ್ನೇ ಕೇಳೋಣ ಎಂದ. ತಾತ ಎಲ್ಲವನ್ನೂ ಕೇಳಿ, ಹಾಕಿಕೊಳ್ಳಲು ಅಡ್ಡಿಯಿಲ್ಲ ಎಂದರಂತೆ. “ಆದರೆ ರಾತ್ರಿ ಪಾಳಿ ಮುಗಿಸಿ ನೀನು ಎಲ್ಲಿದ್ದೀಯೆ ಅಂತ ನಾನು ನೋಡೋದಕ್ಕೂ ಒಂದು ಗುಂಡಿ ಇಡ್ತೀಯೇನಪ್ಪ?”

ಹುಡುಗ ಇನ್ನೂ ಉತ್ತರ ಕೊಟ್ಟಿಲ್ಲ.