ಅಚ್ಚು ತೀರಿದ ಗ್ರಂಥವು ಯಾರ ಸೊತ್ತು?

ಗುಣಾಢ್ಯನ ವೃತ್ತಾಂತವು ವಾಚಕರಿಗೆ ಅಪರಿಚಿತವಾದುದಲ್ಲ. ಪೈಶಾಚೀ ಭಾಷೆಯಲ್ಲಿ ಆತನು ರಚಿಸಿದ ಏಳು ಲಕ್ಷ ಶ್ಲೋಕಗಳ ಬೃಹತ್ಕಥೆಯನ್ನು ಸಾತವಾಹನ ರಾಜನು ತಿರಸ್ಕರಿಸಲು, ಕವಿಯು ಅರಣ್ಯದಲ್ಲಿ ಕುಳಿತು ಒಂದೊಂದೇ ಓಲೆಯನ್ನು ಮೃಗಪಕ್ಷಿಗಳಿಗೆ ಓದಿ ಹೇಳಿ ಬೆಂಕಿಗೆ ಹಾಕಿದನಂತೆ. ಅರಸನು ಎಚ್ಚತ್ತು ಬರುವಷ್ಟರಲ್ಲಿ ಉಳಿದದ್ದು ಒಂದೇ ಲಕ್ಷ. ಸೋಮದೇವನು 11ನೆಯ ಶತಮಾನದಲ್ಲಿ ಕಥಾಸರಿತ್ಸಾಗರದಲ್ಲಿ ಹೇಳಿದ ಈ ಸಂಗತಿಯು ಐತಿಹಾಸಿಕವೋ ಅಲ್ಲವೋ, ಅದರ ನೀತಿಯು ಮಾತ್ರ ಸತ್ಯವು. ಗ್ರಂಥವು ನಾಶವಾಗಲು ಬೆಂಕಿಯೇ ಬೇಕೆಂದಿಲ್ಲ, ಅಲಕ್ಷ್ಯವೂ ಸಾಕು.

ವೇತಾಳ, ಯಕ್ಷ, ಮಾತನಾಡುವ ಗಿಳಿ ಮೊದಲಾದ ಅದ್ಭುತ ಕಥೆಗಳ ವಿಷಯವಾಗಿ ಪಂಡಿತರು ಪಟ್ಟ ಶ್ರಮವು ಅಪಾರವಾದುದು. ಕಥಾಸರಿತ್ಸಾಗರಕ್ಕೆ ಟಾನಿ ಸಾಹೇಬರು ಮಾಡಿದ ಇಂಗ್ಲಿಷ್ ಭಾಷಾಂತರವನ್ನು ಪೆಂಜರ್ ಮಹಾಶಯರು ವಿಪುಲವಾದ ಟಿಪ್ಪಣಿಗಳೊಡನೆ 1924ರಿಂದ 1928ರ ವರೆಗೆ 10 ಸಂಪುಟಗಳಾಗಿ ಲಂಡನ್ನಿನಲ್ಲಿ ಪ್ರಕಟಿಸಿದರು. ದೊಡ್ಡ ಗ್ರಂಥಾಲಯಗಳಲ್ಲಷ್ಟೇ ಕಾಣಸಿಗುತ್ತಿದ್ದ ಆ ಸಂಪುಟಗಳನ್ನು ಈಗ ಧಾರವಾಡದ ವಿದ್ಯಾರ್ಥಿಯೂ ಅಂತರ್ಜಾಲದಲ್ಲಿ ಬಿಡಿಕಾಸಿಲ್ಲದೆ ಓದಬಲ್ಲನು. ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್ನರು ಕನ್ನಡದಿಂದ ಸಂಗ್ರಹಿಸಿದ ಜನಪದ ಕಥೆಗಳ ಇಂಗ್ಲಿಷ್ ಸಂಪುಟವು, ಅವರು 1993ರಲ್ಲಿ ತೀರಿಕೊಂಡ ತರುವಾಯ, 1997ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ಹೊರಬಿದ್ದಿತು. ಪ್ರಕಾಶಕರೇ ಅದನ್ನು ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟರು. ಆದರೆ ಕನ್ನಡದಲ್ಲಿಯೇ ಬರೆದ ಇಂಥ ವಿವೇಚನೆಗಳು ಒಂದೇ ಮುದ್ರಣ ಕಂಡು ಕಪಾಟುಗಳಲ್ಲಿ ಹುಳ ಹಿಡಿಯುವದು ವಿರಳವಲ್ಲ.

ಇಲ್ಲಿ ನ್ಯಾಯದ ಪ್ರಶ್ನೆಯೊಂದು ಏಳುವದು. ನಮ್ಮ ದೇಶದ 1957ರ ಕಾಯಿದೆಯ ಮೇರೆಗೆ ಗ್ರಂಥಕರ್ತನು ತೀರಿದ ಮೇಲೂ 60 ವರ್ಷ ಕೃತಿಸ್ವಾಮ್ಯವು ನಡೆಯುವದು. ಇದು ಯುಕ್ತವೇ, ಬರೆದವನ ಮಕ್ಕಳು ಉಪವಾಸವಿರಲು, ಅವನ ದುಡಿಮೆಯನ್ನು ಅನ್ಯರು ಮಾರಿ ಉಣ್ಣಬಾರದು. ಆದರೆ ಅಂಗಡಿಯಲ್ಲಿಲ್ಲದ, ಮರಳಿ ಅಚ್ಚಾಗದ ಹೊತ್ತಿಗೆಯಿಂದ ಯಾರಿಗೆ ಯಾವ ಉತ್ಪನ್ನ? ನೀರಿಗೆ ಬೆಲೆ ಕೇಳುವ ಹಕ್ಕು ಬೇರೆ, ಬಾವಿಯನ್ನೇ ಮುಚ್ಚುವ ಹಕ್ಕು ಬೇರೆ. ಮೊದಲನೆಯದು ಜೀವನೋಪಾಯವು, ಎರಡನೆಯದು ಬರಿಯ ಹಟವು.

ಹಾಗೆಂದು ಕಂಡಕಂಡವರು ಕೇಳದೆ ಪ್ರತಿಮಾಡಿ ಹಂಚಬಹುದೆಂದರೆ ಅದೂ ಸಲ್ಲದು. ಪರರ ಸೊತ್ತಿನಿಂದ ದಾನ ಮಾಡುವವನಿಗೆ ದಾನಿಯೆಂಬ ಹೆಸರು ಒಪ್ಪಲಾರದು. ಕೊಡುವ ಕರ್ತವ್ಯವು ಒಡೆಯನದೇ ಆಗಿರುವದು. ಜನಪದ ಕಥೆಗಳ ವಿಷಯದಲ್ಲಂತೂ ಈ ಕರ್ತವ್ಯವು ಇಮ್ಮಡಿಯಾದುದು. ಒಲೆಯ ಮುಂದೆ ಕುಳಿತು ಕಥೆ ಹೇಳಿದ ಅಜ್ಜಿಯು ಸ್ವಾಮ್ಯವನ್ನು ಕೇಳಲಿಲ್ಲ. ಆಕೆಯಿಂದ ಬಿಟ್ಟಿಯಾಗಿ ಪಡೆದುದರ ಮೇಲೆ ಪಂಡಿತನು ತನ್ನ ಗ್ರಂಥವನ್ನು ಕಟ್ಟಿದನು. ಅದರ ಬೆಲೆಯು ನಿಂತುಹೋದ ಬಳಿಕವಾದರೂ ಆ ಸಾಲವು ಸಲ್ಲಬೇಡವೇ?

ಸಾಲ ತೀರಿಸುವ ದಾರಿಯು ಕಠಿಣವಲ್ಲ. ಬದುಕಿರುವ ಗ್ರಂಥಕರ್ತನು ಬಹಿರಂಗ ಪ್ರಕಟಣೆಯಿಂದ ತನ್ನ ಸ್ವಾಮ್ಯವನ್ನು ಬಿಟ್ಟುಕೊಡಲು ಕಾಯಿದೆಯಲ್ಲಿ ಆಸ್ಪದವುಂಟು. ವಾರಸುದಾರರು ಮುಕ್ತ ಪರವಾನಿಗೆಯನ್ನು ಕೊಡಬಹುದು. ಕಾದಂಬರಿಕಾರ ನಿರಂಜನರ ಅನೇಕ ಕೃತಿಗಳನ್ನು ಅವರ ಮನೆಯವರು 2014ರಲ್ಲಿ ಹೀಗೆಯೇ ಲೋಕಕ್ಕೆ ಒಪ್ಪಿಸಿದರು. 1890ರಲ್ಲಿ ವಿದ್ಯಾವರ್ಧಕ ಸಂಘವನ್ನು ಕಟ್ಟಿದ ಈ ಊರಿನಲ್ಲಿ, ತಂದೆಯೋ ಅಜ್ಜನೋ ಬರೆದ ಹೊತ್ತಿಗೆಯನ್ನು ಅಟ್ಟದ ಮೇಲಿಟ್ಟುಕೊಂಡ ಮನೆಗಳು ಹಲವಿರಬೇಕು. ಅವರು ಸಮ್ಮತಿಯ ಒಂದು ಕಾಗದವನ್ನು ಬರೆದುಕೊಟ್ಟರೆ ಸಾಕು. ವಿದ್ಯೆಯು ಕೊಟ್ಟಷ್ಟೂ ಹೆಚ್ಚುವದೆಂದು ಮಕ್ಕಳಿಗೆ ಕಲಿಸುವ ನಾವು, ಆ ಮಾತನ್ನು ಮೊದಲು ನಮ್ಮ ಕಪಾಟಿನಿಂದಲೇ ನಡೆಸಿ ತೋರಿಸುವದು ಲೇಸು.